ಖಾಲಿ ಮನೆಗಳ ಇನ್‌ಸ್ಪೆಕ್ಟರು

ಬೆಳಗಾವಿಯಲ್ಲಿ ಮನೆ ಹಂಚುವ ಆಫೀಸಿನಲ್ಲಿ ಹನ್ನೆರಡು ವರ್ಷ ಗುಮಾಸ್ತನಾಗಿದ್ದವನು ನಾನು. ಇವತ್ತಿಗೂ ಖಾನಾಪುರದಲ್ಲಿ ಬಾಡಿಗೆ ಮನೆಯಲ್ಲೇ ಇದ್ದೇನೆ. ನಗುವವರು ನಗಲಿ. ಆ ಆಫೀಸಿನ ಬಗ್ಗೆ ಯಾರಾದರೂ ಕೇಳಿದರೆ ಇಷ್ಟು ದಿನ ಮಾತು ಹಾರಿಸಿಬಿಡುತ್ತಿದ್ದೆ. ಹೋದ ತಿಂಗಳು ನಮ್ಮ ಕಾಕಾ ತೀರಿಕೊಂಡರು. ಸ್ಟೇಷನ್ ಕಡೆಯ ತಮ್ಮ ಮನೆಯಲ್ಲಿ, ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲವಂತೆ. ಇನ್ನು ಮಾತು ಹಾರಿಸಿ ಯಾರನ್ನು ಉಳಿಸಬೇಕಾಗಿದೆ?

ಕಾಕಾ ಎಂದರೆ ನನಗೆ ಸಂಬಂಧದಲ್ಲಿ ಕಾಕಾ ಅಲ್ಲ. ಅವರು ಜೈನರು, ನಾವು ಲಿಂಗವಂತರು. ಜವಾನನಿಂದ ಹಿಡಿದು ಹೆಡ್‌ಕ್ಲಾರ್ಕ್‌ವರೆಗೆ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಕಾಗದದ ಮೇಲೆ ಅವರು ಮನೆ ತಪಾಸಣೆಯ ಇನ್‌ಸ್ಪೆಕ್ಟರು. ಸಣ್ಣ ಮೈಕಟ್ಟು, ಕರಿ ಟೊಪ್ಪಿಗೆ, ಕುತ್ತಿಗೆಯವರೆಗೂ ಗುಂಡಿ ಹಾಕಿದ ಕೋಟು. ಆ ಕೋಟನ್ನು ನೋಡಿದರೆ ಸಾಕು, ಬೆಳಗಾವಿಯ ಎಷ್ಟೋ ಮನೆ ಮಾಲೀಕರ ಎದೆ ಧಸಕ್ಕೆನ್ನುತ್ತಿತ್ತು.

ಬಾಡಿಗೆ ನಿಯಂತ್ರಣ ಕಾಯ್ದೆಯ ಬಿಸಿ ತಾಗದವರಿಗೆ ಇದು ತಿಳಿಯಲಿಕ್ಕಿಲ್ಲ. ಮನೆ ನಿಮ್ಮದೇ. ಆದರೆ ಬಾಡಿಗೆಯವನು ಬಿಟ್ಟು ಹೋದರೆ, ಮನೆ ಖಾಲಿಯಾಗಿದೆ ಎಂದು ಹದಿನೈದು ದಿನದೊಳಗೆ ನಮ್ಮ ಆಫೀಸಿಗೆ ಬರೆದು ತಿಳಿಸಬೇಕು. ಅದರಲ್ಲಿ ಯಾರು ಇರಬೇಕೆಂದು ನಾವು ಹೇಳುತ್ತೇವೆ. ವರ್ಗವಾಗಿ ಬಂದ ಅಧಿಕಾರಿಗಳು, ನೌಕರರು, ಹೀಗೆ ಸಾಲು ನಿಂತಿರುತ್ತಿತ್ತು. ನಿಮಗೇ ಬೇಕೆಂದರೆ ಅದಕ್ಕೂ ಅರ್ಜಿ. ಕಾಯ್ದೆ ಮಾಡಿದವರ ಮನಸ್ಸು ಕೆಟ್ಟದ್ದೇನಲ್ಲ. ಊರಲ್ಲಿ ಮನೆ ಕಡಿಮೆ, ಬರುವವರು ಬಹಳ. ಬೀಗ ಹಾಕಿಕೊಂಡು ಕೂತ ಮಾಲೀಕರನ್ನೂ ನೋಡಿದ್ದೇನೆ, ಮಕ್ಕಳನ್ನು ಕಟ್ಟಿಕೊಂಡು ಧರ್ಮಶಾಲೆಯಲ್ಲಿ ಮೂರು ತಿಂಗಳು ಕಳೆದ ಮಾಸ್ತರರನ್ನೂ ನೋಡಿದ್ದೇನೆ. ಎರಡೂ ಕಡೆಯವರ ಶಾಪ ನಮ್ಮ ಆಫೀಸಿಗೇ ಬರುತ್ತಿತ್ತು.

ಮಾಲೀಕರು ಬಿಡುತ್ತಾರೆಯೇ? ಖಾಲಿ ಮನೆಯ ಅಂಗಳದಲ್ಲಿ ಹಗ್ಗ ಕಟ್ಟಿ ನಾಲ್ಕು ಧೋತರ ಒಣ ಹಾಕುತ್ತಿದ್ದರು. ಯಾವುದೋ ಊರಿನಿಂದ ಮುದುಕನೊಬ್ಬನನ್ನು ತಂದು ಕಟ್ಟೆಯ ಮೇಲೆ ಕೂರಿಸಿ, ಇವರೇ ಇರುವವರು, ನಮ್ಮ ಸೋದರಮಾವ ಎನ್ನುತ್ತಿದ್ದರು. ಕಾಕಾ ಇದಾವುದನ್ನೂ ಕಣ್ಣೆತ್ತಿ ನೋಡುತ್ತಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಯಾರ ಜೊತೆಗೂ ಮಾತಾಡದೆ, ನೇರ ಅಡುಗೆ ಮನೆಗೆ ಹೋಗಿ, ಮೊಣಕಾಲೂರಿ ಕೂತು, ಒಲೆಯ ಮೇಲೆ ಅಂಗೈ ಇಡುತ್ತಿದ್ದರು. ದಿನವೂ ಉರಿಯುವ ಒಲೆಯ ಮಣ್ಣಿನಲ್ಲಿ ಬೂದಿಯ ಕೆಳಗೆ ಒಂದಿಷ್ಟು ಬೆಚ್ಚಗೆ ಉಳಿದಿರುತ್ತದಂತೆ. ಅದು ಇದ್ದರೆ ಮನೆಯಲ್ಲಿ ಜನ ಇದ್ದಾರೆ, ಇಲ್ಲದಿದ್ದರೆ ಇಲ್ಲ. ಎದ್ದು ಕೈ ಝಾಡಿಸಿ ವರದಿ ಬರೆಯುತ್ತಿದ್ದರು.

ಒಮ್ಮೆ ಶಿವಬಸವ ನಗರದಲ್ಲಿ ಒಬ್ಬ ಮಾಲೀಕರು ಇವರ ಗುಟ್ಟು ತಿಳಿದುಕೊಂಡು, ಖಾಲಿ ಮನೆಯಲ್ಲಿ ಬೆಳಿಗ್ಗೆಯಿಂದ ಒಲೆ ಹೊತ್ತಿಸಿ, ನಾದಿನಿಯನ್ನು ಮುಂದೆ ಕೂರಿಸಿದ್ದರು. ನಾನೂ ಅವತ್ತು ಜೊತೆಗಿದ್ದೆ. ಒಲೆ ಧಗಧಗ ಉರಿಯುತ್ತಿತ್ತು. ಕಾಕಾ ಆಕೆಯನ್ನು ಬಹಳ ಮೆತ್ತಗೆ ಕೇಳಿದರು, ಸಾಸಿವೆ ಎಲ್ಲಿ ಇಟ್ಟೀರಿ ತಾಯಿ ಅಂತ. ಆಕೆ ಮೂರು ಡಬ್ಬಿ ತೆಗೆದಳು, ಮೂರೂ ಬರಿದು. ಕೊನೆಗೆ ಆಕೆಯೇ ನಕ್ಕುಬಿಟ್ಟಳು. ಕಾಕಾ ನಗಲಿಲ್ಲ. ಆ ಮನೆ ಒಬ್ಬ ಕಂಪೌಂಡರಿಗೆ ಹೋಯಿತು.

ತಪಾಸಣೆಗೆ ಹೋದ ಮನೆಯಲ್ಲಿ ಅವರು ನೀರು ಸಹ ಕುಡಿಯುತ್ತಿರಲಿಲ್ಲ. ನೆಹರು ನಗರದಲ್ಲಿ ಒಬ್ಬರು ಚಹಾದ ಕಪ್ಪು ಹಿಡಿದು ಗೇಟಿನವರೆಗೂ ಹಿಂದೆ ಬಂದಿದ್ದು ಆಫೀಸಿನಲ್ಲಿ ಬಹಳ ದಿನ ನಗೆಯ ವಿಷಯವಾಗಿತ್ತು. ತಮಗಾಗಿ ಒಂದು ಮನೆ ಕೇಳಿ ಅರ್ಜಿಯನ್ನೂ ಅವರು ಹಾಕಲಿಲ್ಲ. ಮುಟ್ಟಿ ನೋಡಿ ಕಿತ್ತುಕೊಂಡ ಮನೆಯಲ್ಲಿ ತಾನೇ ಹೋಗಿ ಅನ್ನ ಬೇಯಿಸುವುದು ಹೇಗೆ ಎನ್ನುತ್ತಿದ್ದರು. ಇನ್ನು ಈ ಇನ್‌ಸ್ಪೆಕ್ಟರಿಗೆ ತಾನಾಗಿ ಮನೆ ಬಾಡಿಗೆಗೆ ಕೊಡುವ ಮಾಲೀಕ ಬೆಳಗಾವಿಯಲ್ಲಿ ಹುಟ್ಟಿರಲಿಲ್ಲ. ಹೀಗಾಗಿ ಅವರೂ ನನ್ನ ಹಾಗೆ ಖಾನಾಪುರದಿಂದ ರೈಲಿನಲ್ಲಿ ಓಡಾಡುತ್ತಿದ್ದರು.

ಹೊತ್ತು ಮುಳುಗಿದ ಮೇಲೆ ಅವರು ಉಣ್ಣುವವರಲ್ಲ. ಚಳಿಗಾಲದಲ್ಲಿ ಸಂಜೆಯ ಗಾಡಿ ತಡವಾದರೆ ಬೆಳಗಾವಿಯ ಪ್ಲಾಟ್‌ಫಾರ್ಮಿನಲ್ಲೇ, ಒಂದು ಕಣ್ಣು ಪಡುವಣದ ಕಡೆ ಇಟ್ಟು, ಡಬ್ಬಿ ಬಿಚ್ಚಿ ಗಡಿಬಿಡಿಯಿಂದ ಎರಡು ರೊಟ್ಟಿ ತಿಂದು ಮುಗಿಸುತ್ತಿದ್ದರು. ಇನ್ನೊಂದು ತಾಸು ತಡೆದರೆ ಮನೆಯಲ್ಲೇ ಬಿಸಿ ಊಟ ಸಿಗುತ್ತದಲ್ಲ ಎಂದು ನಾನು ಕಿಚಾಯಿಸಿದರೆ, "ಗಾಡಿಗೆ ಲೇಟ್ ಆಗಾಕ ಬರತೈತೋ ತಮ್ಮಾ, ಸೂರ್ಯಗ ಬರಂಗಿಲ್ಲ," ಎನ್ನುತ್ತಿದ್ದರು. ಆ ಗಾಡಿಯ ಗಟ್ಟಿ ಹಲಗೆಯ ಮೇಲೆ ಕೂತು, ನಡುವಿನ ದೇಸೂರು ಸ್ಟೇಷನ್ ದಾಟುವವರೆಗೆ ಅವರು ಆಫೀಸಿನ ವಿಷಯ ಆಡುತ್ತಿದ್ದರು. ದೇಸೂರು ದಾಟಿದ ಮೇಲೆ ನಿದ್ದೆ.

ತುರ್ತು ಪರಿಸ್ಥಿತಿ ಬಂತು. ನಮ್ಮ ಸಾಹೇಬರಿಗೆ ಎಲ್ಲವೂ ನಿನ್ನೆಯೇ ಆಗಬೇಕಿತ್ತು. ಬೀಗ ಹಾಕಿದ ಮನೆಗಳ ಪಟ್ಟಿ ತಿಂಗಳೊಳಗೆ ಮುಗಿಯಬೇಕೆಂದು ಹುಕುಂ ಆಯಿತು. ಯಾರೋ ಹೆಸರಿಲ್ಲದ ತಕರಾರು ಬರೆದರೂ ಅದಕ್ಕೆ ತಪಾಸಣೆ. ಕಾಕಾ ದಿನಕ್ಕೆ ಎಂಟು ಹತ್ತು ಮನೆ ನೋಡುತ್ತಿದ್ದರು. ಅಂಥ ಒಂದು ಹೆಸರಿಲ್ಲದ ಕಾಗದದಲ್ಲಿ ಹಳೇ ಊರಿನ ಓಣಿಯೊಂದರ ಸಣ್ಣ ಮನೆಯ ವಿಷಯ ಇತ್ತು.

ಆ ಮನೆಯ ಒಡತಿ ಒಬ್ಬ ಜೈನ ವಿಧವೆ. ಐವತ್ತು ದಾಟಿದ ಹೆಂಗಸು, ಮಕ್ಕಳಿಲ್ಲ. ಗಂಡ ಹೋದ ಮೇಲೆ ಮನೆಯನ್ನು ಒಬ್ಬ ಮಾಸ್ತರರಿಗೆ ಬಾಡಿಗೆಗೆ ಕೊಟ್ಟು, ಖಾನಾಪುರದಲ್ಲಿ ತಮ್ಮನ ಸಂಸಾರದಲ್ಲಿ ಬಹಳ ವರ್ಷ ದಿನ ತಳ್ಳಿದ್ದಳು. ಮಾಸ್ತರರಿಗೆ ವರ್ಗವಾಯಿತು. ಆಕೆ ಗಂಟು ಕಟ್ಟಿಕೊಂಡು, ಇನ್ನಾದರೂ ನನ್ನ ಮನೆಯಲ್ಲಿ ನಾನಿರುತ್ತೇನೆ ಎಂದು ಬಂದು ಒಲೆ ಹೂಡಿದಳು. ತನ್ನ ಮನೆಗೆ ತಾನು ಬಂದದ್ದಕ್ಕೆ ಸರಕಾರಕ್ಕೆ ಬರೆದು ತಿಳಿಸಬೇಕೆಂದು ಆಕೆಗೆ ಕನಸು ಬೀಳಬೇಕಿತ್ತೇ?

ಕಾಕಾ ಹೋದಾಗ ಮನೆಗೆ ಬೀಗ. ಕೀಲಿ ಇದ್ದದ್ದು ಬಾಜೂ ಮನೆಯವಳ ಹತ್ತಿರ. ಆಕೆ ಬಾಗಿಲು ತೆಗೆದು, ಅಕ್ಕಾ ಇಲ್ಲೇ ಇರುತ್ತಾರೆ, ಬಸದಿಗೆ ಹೋಗಿದ್ದಾರೆ ಎಂದು ಹೇಳಿದಳಂತೆ. ಇಂಥ ಬಾಜೂ ಮನೆಯವರ ಮಾತು ಕಾಕಾ ಸಾವಿರ ಕೇಳಿದ್ದರು. ಅಡುಗೆ ಮನೆಗೆ ಹೋದರು. ಒಲೆ ಬಳಿದು ಸ್ವಚ್ಛ ಮಾಡಿತ್ತು, ತಣ್ಣಗೆ ಕಲ್ಲಿನ ಹಾಗಿತ್ತು. ಪಾತ್ರೆಗಳು ಬೋರಲು. ಕೊಡದಲ್ಲಿ ಹನಿ ನೀರಿಲ್ಲ. ಮನೆ ಖಾಲಿ ಇದೆ, ತೋರಿಕೆಗೆ ಸಾಮಾನು ಇಡಲಾಗಿದೆ ಎಂದು ಬರೆದು, ಇಬ್ಬರು ಪಂಚರ ಸಹಿ ಹಾಕಿಸಿ ತಂದುಕೊಟ್ಟರು. ನೋಟೀಸು ಕಂದಾಯದ ಪುಸ್ತಕದಲ್ಲಿದ್ದ ತಮ್ಮನ ವಿಳಾಸಕ್ಕೆ ಖಾನಾಪುರಕ್ಕೆ ಹೋಯಿತು. ಅದನ್ನು ಆತ ಬಿಚ್ಚಿ ನೋಡಿದನೋ ಇಲ್ಲವೋ, ಉತ್ತರವಂತೂ ಬರಲಿಲ್ಲ. ಎರಡು ವಾರ ಕಳೆದ ಮೇಲೆ ಒಬ್ಬ ದೊಡ್ಡ ಅಧಿಕಾರಿಯ ಸಾಮಾನು ತುಂಬಿದ ಲಾರಿ ಆ ಓಣಿಗೆ ಬಂದು ನಿಂತಿತು. ಆಕೆಯ ಗಂಟು ಕಟ್ಟೆಯ ಮೇಲೆ ಬಂತು.

ಮರುದಿನ ಬೆಳಿಗ್ಗೆ ಆಕೆ ನಮ್ಮ ಆಫೀಸಿನ ಬೆಂಚಿನ ಮೇಲೆ ಕೂತಿದ್ದಳು. ಅಳಲಿಲ್ಲ, ಕೂಗಾಡಲಿಲ್ಲ. ಕಾಕಾ ಒಳಗೆ ಬಂದು ಟೊಪ್ಪಿಗೆ ತೆಗೆಯುತ್ತಿದ್ದಾಗ ಎದ್ದು ಎದುರಿಗೆ ನಿಂತಳು.

"ನೀವೇನ್ರಿ ನಮ್ಮ ಒಲಿ ಮುಟ್ಟಿ ನೋಡಿದವರು? ಪರ್ವದಾಗ ಬಂದಿದ್ರಲ್ಲ. ನಾ ಉಪಾಸ ಹಿಡಿದಿದ್ದೆ. ಉಪಾಸ ಇದ್ದಾಕಿ ಒಲಿ ಯಾರ ಸಲುವಾಗಿ ಹಚ್ಚಲಿ?"

ಭಾದ್ರಪದದ ಹತ್ತು ದಿನದ ಪರ್ವ. ಜೈನರಲ್ಲಿ ಕೆಲವರು ಒಂದು ದಿನ, ಗಟ್ಟಿ ಮನಸ್ಸಿನವರು ಹತ್ತೂ ದಿನ ಉಪವಾಸ ಮಾಡುತ್ತಾರೆ. ಹಗಲೆಲ್ಲ ಬಸದಿಯಲ್ಲೇ ಇರುತ್ತಾರೆ. ಕಾಕಾ ಟೊಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತರು. ಅವರ ಮುಖ ಅಷ್ಟು ಬೆಳ್ಳಗಾದದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಅವತ್ತು ಸಂಜೆ ಗಾಡಿಯಲ್ಲಿ ದೇಸೂರು ದಾಟಿದರೂ ಅವರಿಗೆ ನಿದ್ದೆ ಬರಲಿಲ್ಲ.

"ಆ ದಿನ ನಮ್ಮ ಮನ್ಯಾಗೂ ಒಲಿ ಹಚ್ಚಿರಲಿಲ್ಲೋ," ಎಂದರು. "ನಮ್ಮಾಕಿನೂ ಉಪಾಸ ಇದ್ಲು. ಡಬ್ಬಿ ಸುದ್ದಾ ಇಲ್ದ ಬಂದಿದ್ದೆ. ನಮ್ಮ ಮನಿ ತಣ್ಣಂದ ಒಲಿ ಬಿಟ್ಟ ಬಂದು, ಆಕಿ ತಣ್ಣಂದ ಒಲಿ ಮುಟ್ಟಿ, ಮನಿ ಖಾಲಿ ಐತಿ ಅಂತ ಬರದ್ನಲ್ಲೋ ನಾ."

ನಾನು ಕಿಟಕಿಯ ಕಡೆ ತಿರುಗಿ ಕೂತೆ. ಅವರ ಮುಖ ನೋಡುವ ಧೈರ್ಯ ಇರಲಿಲ್ಲ. ಯಾಕೆಂದರೆ ಅವತ್ತು ಮಧ್ಯಾಹ್ನವೇ ಇನ್ನೊಂದು ಸಂಗತಿ ನಡೆದು ಹೋಗಿತ್ತು.

ಆಕೆ ಬೆಂಚಿನ ಮೇಲೆ ಕೂತಿರುವಾಗಲೇ ಕಾಕಾ ಮೇಜಿಗೆ ಹೋಗಿ ಒಂದು ಕಾಗದ ಬರೆದಿದ್ದರು. ನನ್ನ ವರದಿ ತಪ್ಪು, ಮನೆಯಲ್ಲಿ ಒಡತಿ ವಾಸವಿದ್ದಾಳೆ, ಪರ್ವದ ಉಪವಾಸದಿಂದ ಒಲೆ ಹೊತ್ತಿಸಿರಲಿಲ್ಲ, ಇದು ನನಗೆ ತಿಳಿಯಬೇಕಾಗಿತ್ತು, ಆದೇಶ ರದ್ದು ಮಾಡಬೇಕು, ನನ್ನ ಮೇಲೆ ಕ್ರಮ ಕೈಕೊಳ್ಳಬಹುದು. ಇಷ್ಟೇ. ಸರಕಾರಿ ನೌಕರಿಯಲ್ಲಿ ಇಂಥ ಕಾಗದವನ್ನು ಯಾರೂ ಬರೆಯುವುದಿಲ್ಲ. ಅವರು ಬರೆದು, ಸಹಿ ಮಾಡಿ, ಆವಕ ಗುಮಾಸ್ತನಾಗಿದ್ದ ನನ್ನ ಕೈಗೆ ಕೊಟ್ಟರು. ನಕಲು ಇಟ್ಟುಕೊಳ್ಳಲಿಲ್ಲ. ಆಫೀಸಿಗೆ ಕೊಟ್ಟ ಕಾಗದ ಆಫೀಸಿನಲ್ಲಿ ಇರುತ್ತದೆ ಎಂದು ನಂಬಿದ್ದವರು.

ಒಳಗೆ ಬರುವ ಪ್ರತಿ ಕಾಗದಕ್ಕೂ ನಂಬರು ಹಾಕಿ ಪುಸ್ತಕದಲ್ಲಿ ಏರಿಸುವುದು ನನ್ನ ಕೆಲಸ. ಏರಿಸುವ ಮೊದಲು ಸಾಹೇಬರಿಗೆ ತೋರಿಸಿದೆ. ಅವರು ಓದಿ, ಮಡಿಸಿ, ನನಗೇ ತಿರುಗಿ ಕೊಟ್ಟರು. ಇದಕ್ಕೆ ನಂಬರು ಹಾಕಬೇಡ, ನಿನ್ನ ಹತ್ತಿರ ಇರಲಿ, ಆ ಮನೆಗೆ ಬಂದವರು ಯಾರೆಂದು ಗೊತ್ತಿದೆಯಲ್ಲ ಎಂದರು. ಗೊತ್ತಿತ್ತು. ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ ಎಂಬುದೂ ಗೊತ್ತಿತ್ತು. ಹೆಂಡತಿಗೆ ಮೊದಲನೆಯ ಬಸಿರು. ನಾನು ಕಾಗದವನ್ನು ಮನೆಗೆ ತಂದು ಟ್ರಂಕಿನ ತಳದಲ್ಲಿ ಇಟ್ಟೆ. ಹರಿದು ಹಾಕಲು ಕೈ ಬರಲಿಲ್ಲ. ಹರಿದಿದ್ದರೆ ಒಂದು ದಿನ ಪೂರಾ ಮರೆಯುತ್ತಿದ್ದೆನೋ ಏನೋ.

ಮೂರ್ನಾಲ್ಕು ದಿನ ಬಿಟ್ಟು ಕಾಕಾ ಕೇಳಿದರು, ನಂಬರು ಬಿತ್ತಲ್ಲ ಎಂದು. ಬಿತ್ತು ಕಾಕಾ ಎಂದೆ.

ಆ ಮಾತು ನಂಬಿ ಅವರು ಆಕೆಗೆ ಧೈರ್ಯ ಕೊಟ್ಟರು. ಆಕೆ ತಿರುಗಿ ತಮ್ಮನ ಮನೆಗೆ ಬಂದು ಸೇರಿದ್ದಳು. ಆದೇಶದ ಮೇಲೆ ಅಪೀಲು ಹಾಕಿದಳು. ಓಣಿಯ ನಾಲ್ಕು ಜನರನ್ನು ಸಾಕ್ಷಿಗೆ ಕರೆತರುತ್ತೇನೆ ಎಂದಾಗ ಕಾಕಾ ಬೇಡ ಎಂದರು. ಬಡಪಾಯಿಗಳನ್ನು ಕೋರ್ಟಿಗೆ ಯಾಕೆ ಅಲೆಸುತ್ತೀರಿ, ನಾನೇ ತಪ್ಪು ಒಪ್ಪಿ ಬರೆದಿದ್ದೇನೆ, ಅದು ಫೈಲಿನಲ್ಲಿದೆ, ಅಷ್ಟು ಸಾಕು ಅಂದರು. ತಾರೀಖಿನ ಮೇಲೆ ತಾರೀಖು ಬಿದ್ದು ಒಂದೂವರೆ ವರ್ಷ ಹೋಯಿತು. ಪ್ರತಿ ಸಲವೂ ಅವರು ಇದನ್ನೇ ಹೇಳುತ್ತಿದ್ದರು. ಆಕೆ ನಂಬಿ ಕೂತಿದ್ದಳು.

ಕೋರ್ಟಿನಲ್ಲಿ ಅವರು ತಮ್ಮ ಆಫೀಸಿನ ವಿರುದ್ಧ ತಾವೇ ನಿಂತು ಹೇಳಿದರು. ಸರಕಾರದ ವಕೀಲರು ಒಂದೇ ಪ್ರಶ್ನೆ ಕೇಳಿದರು, ಆ ಕಾಗದ ಎಲ್ಲಿ ಎಂದು. ಫೈಲಿನಲ್ಲಿದೆ ಎಂದು ಕಾಕಾ ನನ್ನ ಕಡೆ ಕೈ ತೋರಿಸಿದರು. ಫೈಲು ತಂದವನು ನಾನೇ. ಜಡ್ಜರು ನನ್ನನ್ನು ಕೇಳಿದರು. ನಾನು ಹಾಳೆಗಳನ್ನು ಒಂದೊಂದಾಗಿ ತಿರುವಿದೆ. ಇಲ್ಲವೆಂದು ಗೊತ್ತಿದ್ದೂ ತಿರುವಿದೆ.

"ಫೈಲಿನ್ಯಾಗ ಇಲ್ರಿ," ಎಂದೆ.

ಸುಳ್ಳಲ್ಲ ನೋಡಿ. ಫೈಲಿನಲ್ಲಿ ಇರಲಿಲ್ಲ. ಇದೇ ಮಾತನ್ನು ನನಗೆ ನಾನೇ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ವಕೀಲರು ಆವಕ ಪುಸ್ತಕವನ್ನೂ ತೋರಿಸಿದರು, ಅದರಲ್ಲೂ ಇಲ್ಲ. ಅಂದ ಮೇಲೆ ಈ ಇನ್‌ಸ್ಪೆಕ್ಟರು ಆಗ ಬರೆದದ್ದೇ ಖರೇ, ಈಗ ಯಾರದೋ ಮುಲಾಜಿಗೆ ಬಾಯಿ ಬದಲಿಸುತ್ತಿದ್ದಾರೆ ಎಂದರು. ಬೇರೆ ಸಾಕ್ಷಿ ಇಲ್ಲ. ಅಪೀಲು ವಜಾ ಆಯಿತು. ಹೊರಗೆ ಬಂದಾಗ ಆಕೆ ಕಾಕಾನ ಎದುರಿಗೆ ಒಂದು ಗಳಿಗೆ ನಿಂತಳು.

"ಬರದೇನಿ, ಬರದೇನಿ ಅಂತ ನನ್ನ ಸುಮ್ನ ಕುಂದರಿಸಿದ್ರಿ. ನಿಮ್ಮ ಆಫೀಸ್ ಉಳಿಸಿಕೊಂಡ್ರಿ. ಛಲೋ ಆತ್ರಿ."

ಕಾಕಾ ಟೊಪ್ಪಿಗೆ ಹಾಕಿಕೊಂಡು ಮೆಟ್ಟಿಲು ಇಳಿದರು. ನನ್ನ ಕಡೆಗೂ ನೋಡಲಿಲ್ಲ. ಅವರಿಗೆ ಒಂದು ವರ್ಷದ ಸಂಬಳದ ಬಡ್ತಿ ತಡೆದರು, ತಪಾಸಣೆಯ ಕೆಲಸ ತೆಗೆದು ರೆಕಾರ್ಡು ಕೋಣೆಯಲ್ಲಿ ಕೂರಿಸಿದರು. ಅವರಿಗೆ ಅದೇ ಅನುಕೂಲವಾಯಿತು. ಊಟದ ವೇಳೆಯಲ್ಲೂ, ಆಫೀಸು ಬಿಟ್ಟ ಮೇಲೂ, ಒಂದೊಂದೇ ಗಂಟು ಬಿಚ್ಚಿ ಆ ಕಾಗದ ಹುಡುಕುತ್ತಿದ್ದರು. ಯಾವುದೋ ಬೇರೆ ಫೈಲಿನಲ್ಲಿ ಸೇರಿಕೊಂಡಿರಬೇಕು ಎನ್ನುತ್ತಿದ್ದರು. ನಾನು ಚಹಾ ತಗೊಂಡು ಹೋದರೆ, ಧೂಳಿಗೆಂದು ಮೂಗಿಗೆ ಕಟ್ಟಿದ ವಸ್ತ್ರ ಕೆಳಗೆ ಸರಿಸಿ ಕುಡಿದು, ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು. ಸಾಹೇಬರು ವರ್ಗವಾಗಿ ಹೋದರು, ನನ್ನ ನೌಕರಿ ಕಾಯಂ ಆಯಿತು, ಸರಕಾರ ಬದಲಾಯಿತು. ಹೇಳಬಹುದಿತ್ತು. ಆದರೆ ಇಷ್ಟು ದಿನ ಎಲ್ಲಿತ್ತು ಎಂದು ಕೇಳುತ್ತಾರಲ್ಲ, ಅದಕ್ಕೆ ಏನು ಹೇಳಲಿ? ಇವತ್ತು ಬೇಡ, ನಾಳೆ ನೋಡೋಣ ಎಂದು ಮುಂದೂಡಿದೆ. ಮೈಗಳ್ಳನಿಗೆ ನಾಳೆಗಳೇನು ಕಡಿಮೆಯೇ.

ನಿವೃತ್ತಿಯ ದಿನ ಮಾಲೆ ಹಾಕಿಸಿಕೊಂಡು, ಎರಡು ಪೇಢೆ ನನ್ನ ಕೈಗೆ ಇಟ್ಟು ಅವರು ಹೇಳಿದ್ದು ಒಂದೇ ಮಾತು.

"ಸಿಗಲಿಲ್ಲ ನೋಡಪಾ ಅದು."

ಅವರಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಗೊತ್ತಿದ್ದೂ ಹಾಗೆ ಅಂದರೆ ಅವರು ದೊಡ್ಡವರು. ಗೊತ್ತಿಲ್ಲದೆ ಅಂದರೆ ನಾನು ಇನ್ನಷ್ಟು ಸಣ್ಣವನು. ಹೇಗೆ ತೂಗಿದರೂ ನನ್ನ ಪಾಲಿಗೆ ಬರುವುದು ಅಷ್ಟೇ.

ನಿವೃತ್ತಿಯ ಮೇಲೆ ಖಾನಾಪುರದಲ್ಲಿ ಆಗಾಗ ಸಿಗುತ್ತಿದ್ದರು. ಸಂತೆಯಲ್ಲಿ, ತಾಲೂಕು ಕಚೇರಿಯ ಎದುರಿಗೆ, ಮಲಪ್ರಭೆಯ ದಂಡೆಯಲ್ಲಿ. ಆರಾಮೇನೋ ಎಂದು ಕೇಳಿ, ನನ್ನ ಮಗಳ ಸಾಲಿ, ಓದು ವಿಚಾರಿಸಿ ಹೋಗುತ್ತಿದ್ದರು. ಅಷ್ಟರಲ್ಲಿ ನಾನು ಬಾಡಿಗೆ ಮನೆ ಬದಲಿಸಿದ್ದೆ, ಆ ವಿಧವೆಯ ತಮ್ಮನ ಮನೆ ನಮ್ಮ ಈ ಹೊಸ ಓಣಿಯಲ್ಲೇ, ನಾಲ್ಕು ಮನೆ ಆಚೆ. ಹೀಗಾಗಿ ಒಂದು ಬೆಳಿಗ್ಗೆ ನಾನು ಕಣ್ಣಾರೆ ನೋಡಿದೆ.

ಪರ್ವ ಮುಗಿದ ಮರುದಿನ ಜೈನರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ನಿಮ್ಮ ಮನಸ್ಸು ನೋಯಿಸಿದ್ದರೆ ಕ್ಷಮಿಸಿ ಎಂದು ಕೈ ಮುಗಿಯುತ್ತಾರೆ. ಸಣ್ಣವರು ದೊಡ್ಡವರು ಎಂದಿಲ್ಲ. ಎದುರಿಗಿನವರೂ ಕೈ ಮುಗಿದು ನಮ್ಮನ್ನೂ ಕ್ಷಮಿಸಿ ಎನ್ನುತ್ತಾರೆ. ಕಾಕಾ ಅವತ್ತು ತೊಳೆದ ಧೋತರ ಉಟ್ಟು, ಆಕೆಯ ಬಾಗಿಲ ಮುಂದೆ ಕೈ ಮುಗಿದು ನಿಂತಿದ್ದರು. ಆಕೆ ಹೊರಗೆ ಬಂದಳು, ನೋಡಿದಳು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಕಾಕಾ ಇನ್ನೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಮುಂದಿನ ಮನೆಗೆ ಹೋದರು. ಕೋರ್ಟಿನ ತೀರ್ಪು ಆದ ವರ್ಷದಿಂದ ಪ್ರತಿ ವರ್ಷವೂ ಹೀಗೇ ಎಂದು ಓಣಿಯವರು ಹೇಳಿದರು. ಬೇಡವೆಂದರೂ ಕೇಳುವುದಿಲ್ಲ, ಹೋಗಿ ನಿಂತು ಬರುತ್ತಾರೆ ಎಂದು ಅವರ ಹೆಂಡತಿ ನನ್ನ ಹೆಂಡತಿಯ ಮುಂದೆ ಹೇಳಿಕೊಂಡಿದ್ದರಂತೆ. ಎಂಟು ವರ್ಷ. ಹೋದ ಭಾದ್ರಪದದಲ್ಲಿ ಅವರಿಗೆ ನಡೆಯಲು ಆಗುತ್ತಿರಲಿಲ್ಲ, ಟಾಂಗಾ ಮಾಡಿಕೊಂಡು ಬಂದಿದ್ದರು. ಆಗಲೂ ಬಾಗಿಲು ಮುಚ್ಚಿತು. ನಾನು ನಮ್ಮ ಕಿಟಕಿಯಲ್ಲಿ ನಿಂತಿದ್ದೆ.

ನಾವು ಮಣ್ಣು ಮಾಡುವವರು, ಅವರದು ದಹನ. ಹೊಳೆಯ ದಂಡೆಯಲ್ಲಿ ಬೆಂಕಿ ಆರುವವರೆಗೂ ಕೂತಿದ್ದು ಬಂದೆ. ಮರುದಿನ ಟ್ರಂಕಿನ ತಳದಿಂದ ಕಾಗದ ತೆಗೆದೆ. ಮಡಿಕೆಯಲ್ಲಿ ಹಳದಿಯಾಗಿತ್ತು, ಅಕ್ಷರ ಮಾಸಿರಲಿಲ್ಲ. ಹೆಂಡತಿ ಈಗ ಯಾಕೆ ಎಂದಳು. ಈಗಲೂ ಇಲ್ಲದಿದ್ದರೆ ಯಾವಾಗ ಎಂದೆ.

ಆಕೆ ತಮ್ಮನ ಮನೆಯ ಪಡಸಾಲೆಯಲ್ಲಿ ಮೊರದಲ್ಲಿ ಬೇಳೆ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಕೂದಲು ಪೂರಾ ಬಿಳಿ. ನಾಲ್ಕು ಮನೆ ಆಚೆಯವನೆಂದು ಗುರುತು ಹಿಡಿದು, ಬರ್ರಿ, ಕುಂದರ್ರಿ ಎಂದಳು. ನಾನು ಕೂರಲಿಲ್ಲ. ಕೋರ್ಟಿಗೆ ಫೈಲು ತಂದಿದ್ದವನು ನಾನೇ ಎಂದೆ. ಸಾಹೇಬರು ಹೇಳಿದ್ದು, ನಾನು ನಂಬರು ಹಾಕದೆ ಇದ್ದದ್ದು, ಟ್ರಂಕು, ಎಲ್ಲವನ್ನೂ ಹೇಳಿ ಕಾಗದ ಅವಳ ಕೈಗೆ ಕೊಟ್ಟೆ. ಆಕೆ ಕನ್ನಡಕ ತರಿಸಿ ಓದಿದಳು. ಎರಡು ಸಲ ಓದಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದರೆ ಸಾಕು ಎಂದುಕೊಂಡೆ.

"ಇದು ನಾ ಬೆಂಚಿನ ಮ್ಯಾಲ ಕುಂತಾಗ ಬರದಿದ್ದು ಏನ್ರಿ?"

"ಹೌದ್ರೀ ಅಕ್ಕಾರ. ಅವತ್ತ."

ಆಕೆ ಕಾಗದವನ್ನು ಮೊದಲಿನ ಮಡಿಕೆಯಲ್ಲೇ ಮಡಿಸಿ ಬೇಳೆಯ ಬಾಜೂ ಇಟ್ಟಳು. ಬಾಗಿಲ ಕಡೆ ನೋಡಿದಳು.

"ಮನಿ ಹೋತು, ಹೋಗ್ಲಿ," ಎಂದಳು. "ಆ ಹಿರೀ ಮನಿಷ್ಯಾ ಎಂಟು ವರ್ಷ ಬಂದು ನಿಂತ. ಎಂಟು ವರ್ಷ ನಾ ಬಾಗಲಾ ಹಾಕಿದೆ. ಈಗ ನಾ ಯಾರ ಮನಿಗಿ ಹೋಗಿ ಕೈ ಮುಗೀಲ್ರಿ?"

ಕೈ ಮುಗಿದು ಕ್ಷಮೆ ಕೇಳಬೇಕೆಂದೇ ನಾನು ಅಲ್ಲಿಗೆ ಹೋಗಿದ್ದೆ. ಆ ಮಾತು ಕೇಳಿದ ಮೇಲೆ ನನ್ನ ಕೈ ಏಳಲಿಲ್ಲ.